ಸ್ವಪ್ರಕಾಶನದ ಸಂತೆ: ಟೋಕಿಯೋದ ಕಾಮಿಕೆಟ್

ಪುಸ್ತಕವೊಂದು ಓದುಗನ ಕೈಸೇರಬೇಕಾದರೆ ಲೇಖಕ, ಪ್ರಕಾಶಕ, ವ್ಯಾಪಾರಿ ಈ ಮೂವರೂ ಕೂಡಿಬರಬೇಕೆಂಬುದು ಸಾಮಾನ್ಯವಾದ ತಿಳಿವಳಿಕೆ. ಓದುವವರು ಕಡಮೆಯಾದಲ್ಲಿ ಪ್ರಕಾಶಕನು ಹಿಂಜರಿಯುತ್ತಾನೆ. ಬರೆದದ್ದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಗಡಿನಾಡಿನ ಶಾಲೆಗಳಲ್ಲಿ ಕನ್ನಡ ಕಲಿಸುವ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಈ ತೊಡಕನ್ನು ಜಪಾನಿನ ಕೆಲವು ತರುಣರು ಬಿಡಿಸಿಕೊಂಡ ಬಗೆಯನ್ನು ಅಧ್ಯಾಪಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಜಪಾನಿನಲ್ಲಿ ಚಿತ್ರಕಥೆಗೆ ಮಾಂಗಾ ಎಂದು ಹೆಸರು. ಸಮಾನಾಸಕ್ತರು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸುವ ಪುಸ್ತಕ, ಪತ್ರಿಕೆಗಳಿಗೆ ‘ದೋಜಿನ್‌ಶಿ’ ಎನ್ನುವರು. ಪ್ರಖ್ಯಾತ ಚಿತ್ರಕಾರ ತೆಜುಕಾ ಒಸಾಮು 1967ರಲ್ಲಿ ಆರಂಭಿಸಿದ ‘ಕಾಮ್’ ಪತ್ರಿಕೆ ಹೊಸಬರ ಕೃತಿಗಳಿಗೆ ಎಡೆಕೊಟ್ಟಿತ್ತು. 1970ರ ದಶಕದ ಮೊದಲಲ್ಲೇ ಅದು ನಿಂತುಹೋಯಿತು. 1975ರಲ್ಲಿ ಅಲ್ಲಿಯ ದೊಡ್ಡ ಮಾಂಗಾ ಸಮ್ಮೇಳನವೊಂದು ತನ್ನನ್ನು ಟೀಕಿಸಿದವರಿಗೆ ಪ್ರವೇಶ ನಿರಾಕರಿಸಿತು. ಆಗ ಯೋನೆಜಾವಾ ಯೋಶಿಹಿರೋ ಮೊದಲಾದ ತರುಣ ವಿಮರ್ಶಕರು ಎಲ್ಲರಿಗೂ ತೆರೆದ ಬೇರೊಂದು ಕೂಟವನ್ನು ಕರೆದರು. ಅದೇ ‘ಕಾಮಿಕ್ ಮಾರ್ಕೆಟ್’, ಬಳಕೆಯಲ್ಲಿ ಕಾಮಿಕೆಟ್. 1975ರ ದಶಂಬರ 21ರಂದು ಟೋಕಿಯೋದಲ್ಲಿ ನಡೆದ ಮೊದಲ ಕೂಟಕ್ಕೆ ಪುಸ್ತಕ ತಂದ ತಂಡಗಳು 32, ಬಂದ ಜನ ಸುಮಾರು 700. ಅವರಲ್ಲಿ ಬಹುಪಾಲು ಶಾಲಾ ಬಾಲಕಿಯರೆಂಬುದು ಗಮನಾರ್ಹ.

ಈಗ ಇದು ವರ್ಷಕ್ಕೆರಡು ಬಾರಿ, ಆಗಸ್ಟಿನಲ್ಲಿಯೂ ವರ್ಷಾಂತ್ಯದಲ್ಲಿಯೂ ಸೇರುತ್ತದೆ. 1996ರಿಂದ ಇದರ ಸ್ಥಳ ‘ಟೋಕಿಯೋ ಬಿಗ್ ಸೈಟ್’ ಎಂಬ ವಿಶಾಲವಾದ ಪ್ರದರ್ಶನ ಭವನ. ಪುಸ್ತಕ ಮಾರಬಯಸುವ ತಂಡ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಅರ್ಜಿಗಳು ಸ್ಥಳಕ್ಕಿಂತ ಹೆಚ್ಚಾದರೆ ಚೀಟಿಯೆತ್ತುವರು. ಆಯ್ಕೆಯಾದವರಿಗೆ ದೊರೆಯುವುದು ಅರ್ಧ ಮೇಜು. ಕೃತಿ ರಚಿಸಿದವರೇ ಅದರ ಹಿಂದೆ ಕುಳಿತು ಮಾರುತ್ತಾರೆ. ಬಂದವರು ಪುಟ ತಿರುವಿ ನೋಡಿ, ಮೆಚ್ಚಿದರೆ ಕೊಳ್ಳುವರು. ಇಲ್ಲವಾದರೆ ವಂದಿಸಿ ಮುಂದೆ ಹೋಗುವರು. ಪಳಗಿದವರು ಸೂಚೀಪುಸ್ತಕ ನೋಡಿ ಮೇಜುಗಳನ್ನು ಗುರುತುಹಾಕಿಕೊಂಡು, ಚಿಲ್ಲರೆ ಹಣದೊಡನೆ ಬರುತ್ತಾರೆ. ರಾತ್ರಿಯೇ ಬಂದು ಸಾಲುಗಟ್ಟುವುದು ನಿಷಿದ್ಧ. ವ್ಯವಸ್ಥೆಯ ಹೊರೆಯೆಲ್ಲ ಸ್ವಯಂಸೇವಕರದು. ಕೊಳ್ಳುವವರು, ಮಾರುವವರು, ಸೇವಕರು ಎಲ್ಲರೂ ‘ಭಾಗಿಗಳು’. ಗಿರಾಕಿ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ.

ಇಲ್ಲಿ ದೊರೆಯುವುದೆಲ್ಲವೂ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಪರರ ಪಾತ್ರಗಳನ್ನು ತೆಗೆದುಕೊಂಡು ಕಥೆ ಹೆಣೆಯುವವರೂ ಬಹಳ ಮಂದಿ. ಅಶ್ಲೀಲತೆಯ ಆಕ್ಷೇಪ ಬಂದು 1991ರಲ್ಲಿ ಗೊತ್ತಾಗಿದ್ದ ಸಭಾಭವನವೇ ಕೈತಪ್ಪಿತು. ಆದರೂ ಸಂತೆ ನಿಲ್ಲಲಿಲ್ಲ. 2019ರ ದಶಂಬರದ ನಾಲ್ಕು ದಿನಗಳಲ್ಲಿ ಬಂದವರ ಲೆಕ್ಕ ಸುಮಾರು 7.5 ಲಕ್ಷ. ಸಾಂಕ್ರಾಮಿಕದಿಂದ 2020ರಲ್ಲಿ ತಡೆದು, 2021ರ ದಶಂಬರದಲ್ಲಿ ಪುನಃ ಆರಂಭವಾಯಿತು. ಇಷ್ಟು ಜನ ನೆರೆದರೂ ಅನೇಕ ತಂಡಗಳಿಗೆ ಅಚ್ಚಿನ ಖರ್ಚೂ ಹುಟ್ಟುವುದಿಲ್ಲ. ಮತ್ತೆ ಬರುವವರು ಓದುಗನನ್ನು ಎದುರಿನಲ್ಲಿ ಕಾಣುವ ಸಂತೋಷಕ್ಕಾಗಿ ಬರುತ್ತಾರೆ.

ಸಂಶೋಧಕರಿಗೆ ಮುಖ್ಯವಾದ ಸಂಗತಿ ಇನ್ನೊಂದುಂಟು. ಪ್ರತಿಯೊಂದು ತಂಡವೂ ತನ್ನ ಹೊಸ ಪುಸ್ತಕದ ಮಾದರಿ ಪ್ರತಿಯೊಂದನ್ನು ವ್ಯವಸ್ಥಾಪಕರಿಗೆ ಒಪ್ಪಿಸಬೇಕು. ಅವರು ಅದನ್ನು ಪರೀಕ್ಷಿಸಿ ಕಾಪಿಡುತ್ತಾರೆ. ಯೋನೆಜಾವಾ 2006ರಲ್ಲಿ ತೀರಿಕೊಂಡ ಬಳಿಕ ಅವರ ಸಂಗ್ರಹವನ್ನು ಆಧರಿಸಿ ಮೇಜಿ ವಿಶ್ವವಿದ್ಯಾನಿಲಯವು 2009ರಲ್ಲಿ ಸ್ಮಾರಕ ಗ್ರಂಥಾಲಯವೊಂದನ್ನು ತೆರೆಯಿತು. ಕೆಲವೇ ಪ್ರತಿ ಅಚ್ಚಾದ ಪುಸ್ತಕಕ್ಕೂ ಹೀಗೆ ಚರಿತ್ರೆಯಲ್ಲಿ ಸ್ಥಾನ ದೊರೆಯುವಂತಾಯಿತು.

ನಮ್ಮ ಶಾಲೆಗಳ ಕೈಬರಹದ ಪತ್ರಿಕೆಯೂ ಈ ಜಾತಿಗೆ ಸೇರಿದ್ದೇ. ಅದರಲ್ಲಿ ಮಕ್ಕಳ ಕಥೆಯಿದೆ, ಚಿತ್ರವಿದೆ, ಊರಿನ ಆಡುನುಡಿಯಿದೆ. ವಾರ್ಷಿಕೋತ್ಸವದ ದಿನ ಮೇಜಿನ ಮೇಲೆ ಕಾಣಿಸಿಕೊಂಡು ಮರುದಿನ ಅದು ಬೀರು ಸೇರುತ್ತದೆ. ಕಾಲಕ್ರಮದಲ್ಲಿ ಗೆದ್ದಲಿನ ಪಾಲಾಗುತ್ತದೆ. ಗಡಿನಾಡಿನ ಕನ್ನಡ ಹೇಗಿತ್ತೆಂದು ಮುಂದೆ ಕೇಳುವವರಿಗೆ ಅದಕ್ಕಿಂತ ಪ್ರಾಮಾಣಿಕವಾದ ಸಾಕ್ಷಿ ವಿರಳ. ನಮ್ಮ ಅಧ್ಯಾಪಕ ಸಮ್ಮೇಳನಗಳಲ್ಲಿ ಶಾಲೆಗೆ ಅರ್ಧ ಮೇಜು ಕೊಡೋಣ. ಮಕ್ಕಳೇ ಅದರ ಹಿಂದೆ ಕುಳಿತುಕೊಳ್ಳಲಿ. ಪ್ರತಿ ಸಂಚಿಕೆಯನ್ನೂ ಎರಡು ಪ್ರತಿ ಮಾಡಿಸಿ, ಇಸವಿ ಬರೆದು, ಒಂದನ್ನು ಸಂಘದ ಪುಸ್ತಕಭಂಡಾರದಲ್ಲಿ ಇರಿಸೋಣ. ಟೋಕಿಯೋದವರು ಮೊದಲಿಟ್ಟದ್ದು 32 ತಂಡಗಳಿಂದ. ಅಷ್ಟು ಶಾಲೆಗಳು ನಮ್ಮಲ್ಲಿಯೂ ಕೂಡಿಬರಲಾರವೆ?