ಚಳಿಗೆ ತಂತಿ: ದೂರದಾರಿಯ ಬೈಕಿಗೆ ಬಿಸಿಯುಡುಪು ಜೋಡಿಸುವ ಬಗೆ

ಮನಾಲಿಯಿಂದ ಲೇಹ್‌ಗೆ ಹೋಗುವ ಹೆದ್ದಾರಿಯಲ್ಲಿ ಬಾರಾಲಾಚಾ ಲಾ ಇಳಿದರೆ ಸರ್ಚು ಸಿಗುತ್ತದೆ. ಸುಮಾರು 4,290 ಮೀಟರ್ ಎತ್ತರದ ಬಯಲು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅಲ್ಲಿ ನಸುಕಿನಲ್ಲಿ ಡೇರೆಯ ಹೊರಗಿಟ್ಟ ನೀರು ಗಡ್ಡೆ ಕಟ್ಟಿರುತ್ತದೆ. ಅಂಥ ಬೆಳಗ್ಗೆ ಬೈಕು ಹತ್ತಿದವರನ್ನು ಹೆಚ್ಚು ಕಾಡುವುದು ಗಾಳಿ. 2001ರಲ್ಲಿ ಅಮೆರಿಕ ಮತ್ತು ಕೆನಡಾ ಜಾರಿಗೆ ತಂದ ಗಾಳಿಚಳಿಯ ಸೂತ್ರವನ್ನು ಹಾಕಿ ನೋಡಿದರೆ, ಹವೆ 0 ಡಿಗ್ರಿ ಇದ್ದು ಗಾಳಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಡಿದರೆ ಮುಚ್ಚದ ಚರ್ಮಕ್ಕೆ ಅದು ಮೈನಸ್ 9 ಡಿಗ್ರಿಯ ಚಳಿಗೆ ಸಮ. ನಡೆಯುವವನಿಗೆ ನಡಿಗೆಯೇ ಕಾವು ಕೊಡುತ್ತದೆ. ಬೈಕಿನ ಮೇಲೆ ಗಂಟೆಗಟ್ಟಲೆ ಅಲುಗದೆ ಕೂತವನಿಗೆ ಆ ಕಾವೂ ಇಲ್ಲ.

ಬೆರಳು ಮರಗಟ್ಟಿದರೆ ಕ್ಲಚ್ಚು, ಬ್ರೇಕು ಎಷ್ಟು ಅದುಮಿದೆವೆಂಬ ಅಂದಾಜು ತಪ್ಪುತ್ತದೆ. ಮೈಯೊಳಗಿನ ಕಾವು ಇನ್ನೂ ಇಳಿದರೆ ನಿರ್ಧಾರಗಳೂ ನಿಧಾನವಾಗುತ್ತವೆ. ಆದ್ದರಿಂದ ಬಿಸಿಯುಡುಪನ್ನು ಐಷಾರಾಮದ ಪಟ್ಟಿಗೆ ಸೇರಿಸುವುದು ಸರಿಯಲ್ಲ. ಎತ್ತರದ ಚಳಿಯಲ್ಲಿ ಅದು ಹೆಲ್ಮೆಟ್ಟಿನ ಪಕ್ಕದಲ್ಲಿ ನಿಲ್ಲಬೇಕಾದ ಸಾಮಾನು.

ಬೆರಳು ಕೊರೆಯತೊಡಗಿದಾಗ ಎಲ್ಲರೂ ಮೊದಲು ಹುಡುಕುವುದು ಬಿಸಿ ಗ್ಲೌಸನ್ನು. ದೇಹದ ಲೆಕ್ಕ ಬೇರೆ. ಎದೆ, ಹೊಟ್ಟೆಯ ಕಾವು ಇಳಿಯುತ್ತಿದೆ ಎಂದು ಗೊತ್ತಾದ ಕೂಡಲೇ ಕೈಕಾಲಿನ ರಕ್ತನಾಳಗಳು ಬಿಗಿಯುತ್ತವೆ, ಇದ್ದ ಬಿಸಿರಕ್ತ ಒಳಗಿನ ಅಂಗಗಳಿಗೆ ಮೀಸಲಾಗುತ್ತದೆ. ಮುಂಡ ಬೆಚ್ಚಗಿದ್ದರೆ ಆ ನಾಳಗಳು ತೆರೆದೇ ಇರುತ್ತವೆ, ಬೆರಳಿಗೆ ರಕ್ತವೇ ಕಾವು ಹೊತ್ತು ತರುತ್ತದೆ. ಹಾಗಾಗಿ ಒಂದೇ ಒಂದು ಉಡುಪು ಕೊಳ್ಳುವಷ್ಟು ಹಣವಿದ್ದರೆ ತೋಳಿಲ್ಲದ ಬಿಸಿ ವೆಸ್ಟು ಅಥವಾ ಒಳಜಾಕೆಟ್ಟು ಕೊಳ್ಳುವುದೇ ಲೇಸು. ಗ್ಲೌಸು ಆಮೇಲೆ.

ಬಟ್ಟೆಯೊಳಗೆ ತಂತಿ ಹಾಯಿಸಿ ಮೈ ಕಾಯಿಸುವ ವಿದ್ಯೆ ಬೈಕಿಗೆ ಬಂದದ್ದು ಆಕಾಶದಿಂದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳ ತೆರೆದ ಕಿಟಕಿಯಲ್ಲಿ ಬಂದೂಕು ಹಿಡಿದು ನಿಲ್ಲುತ್ತಿದ್ದ ಸೈನಿಕರು ಮೈನಸ್ 40 ಡಿಗ್ರಿಯ ಗಾಳಿಯಲ್ಲಿ ಬೆರಳು ಕಳೆದುಕೊಳ್ಳುತ್ತಿದ್ದರು. ಅವರಿಗೆ ವಿಮಾನದ ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ಕೊಟ್ಟರು. ಎಫ್-1 ಎಂಬ ಆರಂಭದ ಮಾದರಿಯಲ್ಲಿ ಅಂಗಿ, ಗ್ಲೌಸು, ಬೂಟು ಎಲ್ಲವೂ ಒಂದರ ಹಿಂದೊಂದು ಸರಣಿಯಲ್ಲಿ ಜೋಡಣೆಯಾಗಿದ್ದವು. ಎಲ್ಲೋ ಒಂದು ಕಡೆ ತಂತಿ ತುಂಡಾದರೆ ಇಡೀ ಉಡುಪು ತಣ್ಣಗಾಗುತ್ತಿತ್ತು. ಮುಂದಿನ ಮಾದರಿಗಳಲ್ಲಿ ಸಮಾಂತರ ಜೋಡಣೆ ಬಂತು, ಒಂದು ಕೆಟ್ಟರೂ ಉಳಿದದ್ದು ನಡೆಯಿತು. ಇವತ್ತು ಬೈಕಿಗೆ ಬರುವ ಜಾಕೆಟ್ಟಿನಲ್ಲಿ ಕೈತೋಳಿನ ತುದಿಯಿಂದ ಗ್ಲೌಸಿಗೆ ಹೋಗುವ ತಂತಿಯೂ ಸಮಾಂತರವೇ. ಸೈನಿಕರ ಬೆರಳುಗಳ ಬೆಲೆ ಕೊಟ್ಟು ಕಲಿತ ಪಾಠವದು.

ಈಗ ಬೈಕಿನ ಕಡೆ ಬರೋಣ. ಅಂಗಡಿಯವರು ಉಡುಪಿನ ಬಟ್ಟೆ, ಹೊಲಿಗೆ, ಗ್ಯಾರಂಟಿ ಬಗ್ಗೆ ಹೇಳುತ್ತಾರೆ. ಆ ಉಡುಪು ದಾರಿಯಲ್ಲಿ ಕೈ ಕೊಡುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮಾತ್ರ ಎರಡು ಸಂಗತಿ: ಬೈಕಿನಲ್ಲಿ ಎಷ್ಟು ವ್ಯಾಟ್ ಮಿಗುತ್ತದೆ, ಅದು ಯಾವ ತಂತಿಯಲ್ಲಿ ಮೈವರೆಗೆ ಬರುತ್ತದೆ.

ತೋಳಿರುವ ಬಿಸಿ ಒಳಜಾಕೆಟ್ಟು ಪೂರ್ತಿ ಉರಿಯುವಾಗ ಸುಮಾರು 75 ವ್ಯಾಟ್ ಎಳೆಯುತ್ತದೆ. ಗ್ಲೌಸಿನ ಜೋಡಿಗೆ 25 ವ್ಯಾಟ್ ಹತ್ತಿರ. ಪ್ಯಾಂಟು ಸೇರಿದರೆ ಮತ್ತೊಂದು 40. ಹ್ಯಾಂಡಲ್ಲಿನ ಬಿಸಿ ಗ್ರಿಪ್ಪು 30ರಿಂದ 50. ಬಿಎಂಡಬ್ಲ್ಯು ಆರ್ 1250 ಜಿಎಸ್‌ನಂಥ ಬೈಕಿನ ಆಲ್ಟರ್ನೇಟರ್ 510 ವ್ಯಾಟ್ ಕೊಡುತ್ತದೆ, ಅದರ ಮಾಲೀಕ ಇವೆಲ್ಲವನ್ನೂ ಒಟ್ಟಿಗೆ ಹಾಕಿಕೊಳ್ಳಬಹುದು. ಬೆಂಗಳೂರಿನಿಂದ ಲಡಾಖ್‌ಗೆ ಹೊರಡುವವರಲ್ಲಿ ಹೆಚ್ಚಿನವರ ಬಳಿ ಇರುವುದು ಒಂದೇ ಸಿಲಿಂಡರಿನ ಬೈಕು. ಅಂಥ ಹಲವು ಬೈಕುಗಳ ಉತ್ಪಾದನೆ 200ರಿಂದ 250 ವ್ಯಾಟ್ ಆಸುಪಾಸು. ಅದರಲ್ಲಿ ಹೆಡ್‌ಲೈಟು, ಇಗ್ನಿಷನ್, ಪೆಟ್ರೋಲ್ ಪಂಪು, ಇಂಜೆಕ್ಟರು, ಎಬಿಎಸ್ ತಮ್ಮ ಪಾಲನ್ನು ಮೊದಲೇ ತೆಗೆದುಕೊಳ್ಳುತ್ತವೆ. ಹ್ಯಾಲೊಜೆನ್ ಹೆಡ್‌ಲೈಟೊಂದೇ 55ರಿಂದ 60 ವ್ಯಾಟ್ ನುಂಗುತ್ತದೆ. ಕೊನೆಗೆ ಮಿಗುವುದು ಜಾಕೆಟ್ಟಿಗೂ ಗ್ಲೌಸಿಗೂ ಅಂಚಿನಲ್ಲಿ ಸಾಲುವಷ್ಟು. ಅದರ ಮೇಲೆ ಫಾಗ್ ಲೈಟು, ಮೊಬೈಲ್ ಚಾರ್ಜರು, ಹಿಂದೆ ಕೂತವರಿಗೂ ಒಂದು ಜಾಕೆಟ್ಟು ಎಂದರೆ ಬ್ಯಾಟರಿ ಮೆಲ್ಲಗೆ ಬರಿದಾಗತೊಡಗುತ್ತದೆ. 8 ಆಂಪಿಯರ್-ಅವರ್‌ನ ಬ್ಯಾಟರಿ ಅಂಥ ಹೊರೆಯನ್ನು ಹೊತ್ತುಕೊಂಡು ಹೆಚ್ಚು ದೂರ ಬಾರದು. ಚಳಿಯಲ್ಲಂತೂ ಅದರ ಶಕ್ತಿ ಇನ್ನೂ ಕುಗ್ಗಿರುತ್ತದೆ.

ಇನ್ನೊಂದು ಮಾತನ್ನು ಗಮನಿಸಬೇಕು. ಕಂಪನಿ ಹೇಳುವ ವ್ಯಾಟ್ ಸಿಗುವುದು ಎಂಜಿನ್ ಚೆನ್ನಾಗಿ ತಿರುಗುವಾಗ ಮಾತ್ರ. ಸರ್ಚು ದಾಟಿದ ಮೇಲೆ ಗಾಟಾ ಲೂಪ್ಸ್ ಎಂಬ 21 ತಿರುವುಗಳ ಏರು ಬರುತ್ತದೆ. ಲಾರಿಯ ಹಿಂದೆ ಕಡಿಮೆ ಆರ್‌ಪಿಎಂನಲ್ಲಿ ತೆವಳುವಾಗ ಉತ್ಪಾದನೆ ಬಹಳ ಇಳಿದುಬಿಡುತ್ತದೆ. ಹೀಗಾಗಿ ಹ್ಯಾಂಡಲ್ಲಿನ ಹತ್ತಿರ ಒಂದು ಸಣ್ಣ ವೋಲ್ಟ್‌ಮೀಟರ್ ಹಾಕಿಸಿಕೊಳ್ಳುವುದು ನನ್ನ ಕಣ್ಣಿಗೆ ಜಾಕೆಟ್ಟಿನಷ್ಟೇ ಅಗತ್ಯ. ಓಡುವಾಗ 13.8ರಿಂದ 14.4 ವೋಲ್ಟ್ ತೋರಿಸಿದರೆ ಸುಖ. 13ಕ್ಕಿಂತ ಕೆಳಗೇ ನಿಂತುಬಿಟ್ಟರೆ ಬಿಸಿಯನ್ನು ಒಂದು ಹಂತ ಇಳಿಸಬೇಕು. 12.5 ಆಸುಪಾಸಿಗೆ ಬಂದರೆ ಆಲ್ಟರ್ನೇಟರ್ ಸೋತಿದೆ, ಬ್ಯಾಟರಿ ಕೊಡುತ್ತಿದೆ ಎಂದೇ ಅರ್ಥ.

ಹೆಚ್ಚು ಹೊರೆ ಹಾಕಿದರೆ ಸ್ಟೇಟರ್, ಅಂದರೆ ಆಲ್ಟರ್ನೇಟರಿನೊಳಗಿನ ತಂತಿಸುರುಳಿ, ಸುಟ್ಟುಹೋಗುತ್ತದೆ ಎಂಬ ಭಯ ಹಲವರಲ್ಲಿದೆ. ನಮ್ಮ ಬಹುಪಾಲು ಬೈಕುಗಳಲ್ಲಿ ಇರುವುದು ಶಾಶ್ವತ ಅಯಸ್ಕಾಂತದ ಆಲ್ಟರ್ನೇಟರ್. ಅದರ ಜೊತೆಗೆ ವೋಲ್ಟನ್ನು ಹತೋಟಿಯಲ್ಲಿಡುವ ಷಂಟ್ ಬಗೆಯ ರೆಗ್ಯುಲೇಟರ್ ಇದ್ದರೆ ಕತೆ ಬೇರೆಯೇ. ತೋಟದ ಪಂಪ್‌ಸೆಟ್ಟು ಪೂರ್ತಿ ನೀರೆತ್ತುತ್ತಲೇ ಇದ್ದು, ಪಾತಿಗೆ ಬೇಡವಾದ ನೀರನ್ನು ಮತ್ತೆ ಬಾವಿಗೇ ಬಿಟ್ಟ ಹಾಗೆ, ಆ ರೆಗ್ಯುಲೇಟರ್ ಬಳಕೆಯಾಗದ ವಿದ್ಯುತ್ತನ್ನು ಸ್ಟೇಟರಿಗೇ ತಿರುಗಿಸಿ ಬಿಸಿಯಾಗಿ ಕಳೆಯುತ್ತದೆ. ಬಿಸಿಯುಡುಪು ಹಾಕಿದರೂ ಹಾಕದಿದ್ದರೂ ಸ್ಟೇಟರಿನ ದುಡಿಮೆ ಹೆಚ್ಚುಕಡಿಮೆ ಅಷ್ಟೇ. ಸೀರೀಸ್ ಬಗೆಯ ರೆಗ್ಯುಲೇಟರಿನಲ್ಲಿ ಮಾತ್ರ ಹೊರೆ ಏರಿದಂತೆ ಸ್ಟೇಟರಿನ ಕೆಲಸವೂ ಏರುತ್ತದೆ. ಹೊರೆ ಉತ್ಪಾದನೆಯ ಒಳಗಿರುವವರೆಗೆ ಅದಕ್ಕೂ ಹೆದರಬೇಕಿಲ್ಲ.

ವೈರಿಂಗಿನಲ್ಲಿ ಮೊದಲ ನಿಯಮ, ಬೈಕಿನ ಮೂಲ ಹಾರ್ನೆಸ್ಸಿನಲ್ಲಿ (ತಂತಿಗಳ ಕಟ್ಟಿನಲ್ಲಿ) ಎಲ್ಲೋ ತಂತಿ ಸುಲಿದು ಬಿಸಿಯುಡುಪಿಗೆ ಕರೆಂಟು ಎಳೆಯಬಾರದು. ಇಂಡಿಕೇಟರಿಗೋ ಹಾರ್ನಿಗೋ ಹಾಕಿದ ಸಣ್ಣ ತಂತಿ, ಜಾಕೆಟ್ಟು ಗ್ಲೌಸು ಸೇರಿ ಎಳೆಯುವ ಸುಮಾರು 8 ಆಂಪಿಯರನ್ನು ಗಂಟೆಗಟ್ಟಲೆ ತಾಳುವುದಿಲ್ಲ. ಬ್ಯಾಟರಿಯಿಂದ ನೇರ ಬೇರೆ ಲೈನೇ ಎಳೆಯಬೇಕು. ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸು ಬರಬೇಕು. ಫ್ಯೂಸು ಇರುವುದು ಜಾಕೆಟ್ಟನ್ನು ಕಾಯಲೆಂದು ಹಲವರು ತಿಳಿದಿದ್ದಾರೆ. ಅದು ಕಾಯುವುದು ತಂತಿಯನ್ನು. ಸೀಟಿನಡಿ ಬ್ಯಾಟರಿಗೂ ಫ್ಯೂಸಿಗೂ ನಡುವೆ ತಂತಿ ಉಜ್ಜಿ ಚಾಸಿಗೆ ತಗುಲಿದರೆ ಆ ಭಾಗವೆಲ್ಲ ರಕ್ಷಣೆಯಿಲ್ಲದೆ ಉರಿಯುತ್ತದೆ, ಪೆಟ್ರೋಲ್ ಟ್ಯಾಂಕಿನ ಬುಡದಲ್ಲೇ. ಜಾಕೆಟ್ಟು, ಗ್ಲೌಸು ಎರಡಕ್ಕೂ 10 ಆಂಪಿಯರಿನ ಕೆಂಪು ಬ್ಲೇಡ್ ಫ್ಯೂಸು ಸಾಮಾನ್ಯವಾಗಿ ಸಾಕು. 15ರ ನೀಲಿಯನ್ನು ಮೀರಿ ಹೋಗಬಾರದು.

ತಂತಿಯ ದಪ್ಪದಲ್ಲಿ ಜಿಪುಣತನ ಮಾಡಿದರೆ ಚಳಿಯೇ ಅದರ ದಂಡ ವಸೂಲಿ ಮಾಡುತ್ತದೆ. ಹೋಗಿ ಬರುವ ದಾರಿ ಸೇರಿ 3 ಮೀಟರ್ ತಂತಿ, 8 ಆಂಪಿಯರ್ ಎಂದುಕೊಳ್ಳಿ. 0.75 ಚದರ ಮಿ.ಮೀ. ತಾಮ್ರದಲ್ಲಿ ಅರ್ಧ ವೋಲ್ಟಿಗೂ ಮಿಕ್ಕಿ ತಂತಿಯಲ್ಲೇ ಕಳೆದುಹೋಗುತ್ತದೆ. ಶಾಖ ವೋಲ್ಟಿನ ವರ್ಗದಂತೆ ಏರಿಳಿಯುವುದರಿಂದ ಜಾಕೆಟ್ಟಿನ ಕಾವು ಸುಮಾರು ನೂರಕ್ಕೆ 8ರಷ್ಟು ಇಳಿಯುತ್ತದೆ. 1.5 ಚದರ ಮಿ.ಮೀ. ಹಾಕಿದರೆ ನಷ್ಟ ಅರ್ಧವಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಆಟೊ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಒಳ್ಳೆಯ ಬಹು ಎಳೆಯ ತಾಮ್ರದ ತಂತಿ, ರಿಲೇ, ಹೀಟ್ ಶ್ರಿಂಕ್ ಸ್ಲೀವು ಎಲ್ಲ ಸಿಗುತ್ತವೆ. ಮನೆ ವೈರಿಂಗಿನ ಒಂಟಿ ಎಳೆಯ ತಂತಿ ಬೈಕಿನ ಅದುರಿಗೆ ಒಳಗೇ ಮುರಿಯುತ್ತದೆ, ಅದನ್ನು ಮುಟ್ಟಲೇಬೇಡಿ. ತಿರುಚಿ ಟೇಪು ಸುತ್ತಿದ ಜೋಡಣೆಯೂ ಬೇಡ. ಸರಿಯಾದ ಇಕ್ಕಳದಿಂದ ತಂತಿಯ ತುದಿಗೆ ಲೋಹದ ಲಗ್ಗು ಒತ್ತಿಸಿ, ಮೇಲೆ ಸ್ಲೀವು ಹಾಕಿಸಿ.

ಬೀಗದ ಕೈ ತೆಗೆದಾಗ ಉಡುಪಿನ ಲೈನೂ ಸಾಯುವಂತೆ ಮಧ್ಯೆ ಒಂದು ರಿಲೇ ಇಟ್ಟರೆ ಒಳಿತು. ರಿಲೇಯ 30ನೇ ಪಿನ್ನಿಗೆ ಫ್ಯೂಸಿನಿಂದ ಬಂದ ತಂತಿ, 87ರಿಂದ ಉಡುಪಿಗೆ, 85 ಮತ್ತು 86 ಸುರುಳಿಗೆ. ಸುರುಳಿಯ ಒಂದು ತುದಿ ಅರ್ಥಿಗೆ, ಇನ್ನೊಂದು ಪಾರ್ಕಿಂಗ್ ಲೈಟಿನಂಥ ಕೀ ಹಾಕಿದಾಗ ಜೀವ ಬರುವ ತಂತಿಗೆ. ಸುರುಳಿ ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ, ಆದ್ದರಿಂದ ಇಲ್ಲಿ ಮೂಲ ಹಾರ್ನೆಸ್ಸಿಗೆ ಅಷ್ಟು ಋಣ ಇಟ್ಟುಕೊಳ್ಳಬಹುದು. ಕಂಪನಿಯೇ ಕೊಟ್ಟ ಸಾಕೆಟ್ ಇದೆಯಲ್ಲ ಎನ್ನುವವರು ಅದರ ಮಿತಿ ನೋಡಿಕೊಳ್ಳಬೇಕು. ಕೆಲವು ಯುರೋಪಿನ ಬೈಕುಗಳು 5 ಆಂಪಿಯರ್ ದಾಟಿದ ಕೂಡಲೇ ಸಾಕೆಟ್ಟನ್ನು ತಾವೇ ಆಫ್ ಮಾಡುತ್ತವೆ. 7.4 ವೋಲ್ಟಿನ ಸಣ್ಣ ಬ್ಯಾಟರಿಯಿಂದ ನಡೆಯುವ ಗ್ಲೌಸುಗಳೂ ಮಾರುಕಟ್ಟೆಯಲ್ಲಿವೆ. ಅವುಗಳನ್ನು ಬೈಕಿನ 12 ವೋಲ್ಟಿಗೆ ನೇರ ಜೋಡಿಸಿದರೆ ಸುಟ್ಟುಹೋಗುತ್ತವೆ.

ಕಾವು ಏರಿಸಿ ಇಳಿಸುವ ಕಂಟ್ರೋಲರ್ ಕರೆಂಟನ್ನು ಮತ್ತೆ ಮತ್ತೆ ಪೂರ್ತಿ ಬಿಟ್ಟು, ಪೂರ್ತಿ ತಡೆದು ಸರಾಸರಿ ಕಡಿಮೆ ಮಾಡುತ್ತದೆ. ಅರ್ಧಕ್ಕೆ ಇಟ್ಟರೆ ಆಲ್ಟರ್ನೇಟರಿಗೆ ಅರ್ಧದ ಹೊರೆ ನಿಜ. ಆದರೆ ಬಿಟ್ಟ ಕ್ಷಣದಲ್ಲಿ ಹರಿಯುವುದು ಪೂರ್ತಿ 8 ಆಂಪಿಯರೇ. ತಂತಿ, ಫ್ಯೂಸಿನ ಲೆಕ್ಕ ಅದಕ್ಕೇ ಇಡಬೇಕು.

ಜೋಡಿಸುವ ಜಾಗದ ವಿಚಾರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಬಿಡುಗಡೆ. ಸವಾರ ಬಿದ್ದಾಗ ಬೈಕು ಒಂದು ಕಡೆ, ಸವಾರ ಒಂದು ಕಡೆ ಹೋಗಬೇಕು. ತಂತಿ ಇಬ್ಬರನ್ನೂ ಕಟ್ಟಿಹಾಕಬಾರದು. ಬಿಸಿಯುಡುಪಿನಲ್ಲಿ ಬಹುತೇಕ ರೂಢಿಯಲ್ಲಿರುವ ಗುಂಡನೆಯ ಕೊಆಕ್ಸ್ ಪ್ಲಗ್ಗು ನೇರ ಎಳೆದರೆ ಕಳಚುತ್ತದೆ. ಅದು ಕಳಚುತ್ತದಲ್ಲ ಎಂದು ಟೇಪು ಸುತ್ತುವವರಿದ್ದಾರೆ, ಬೆಲ್ಟಿನೊಳಗೆ ತಂತಿ ತೂರಿಸುವವರಿದ್ದಾರೆ. ಎರಡೂ ಅಪಾಯ. ಸೀಟಿನ ಎಡಬದಿಯಲ್ಲಿ, ಟ್ಯಾಂಕು ಸೀಟು ಸೇರುವ ಕಡೆ, ತೊಡೆಗೆ ತಾಗದಂತೆ ತಂತಿಯ ತುದಿ ಹೊರಬರಲಿ. ಇಳಿಯುವುದು ಸೈಡ್ ಸ್ಟ್ಯಾಂಡಿನ ಕಡೆ, ಅಂದರೆ ಎಡಕ್ಕೆ. ಜಾಕೆಟ್ಟಿನ ತಂತಿಯೂ ಸಾಮಾನ್ಯವಾಗಿ ಎಡಗಡೆಯಿಂದಲೇ ಹೊರಬರುತ್ತದೆ. ನಿಂತು ಓಡಿಸುವಾಗಲೂ ಎಳೆಯದಷ್ಟು ಉದ್ದವಿರಬೇಕು, ಸರಪಳಿಗೋ ಸೈಲೆನ್ಸರಿಗೋ ತಗುಲುವಷ್ಟು ಇರಬಾರದು. ಬೈಕಿನ ಕಡೆಯ ತುದಿ ಒಳಗುಳಿದ ಸಂಪರ್ಕದ್ದೇ ಆಗಬೇಕು, ಹೊರಗೆ ಚಾಚಿದ ಪಿನ್ನಿನಲ್ಲಿ ಕರೆಂಟಿದ್ದರೆ ಕಬ್ಬಿಣಕ್ಕೆ ಮುಟ್ಟಿ ಕಿಡಿ ಹಾರುತ್ತದೆ. ಬಳಸದಾಗ ಮುಚ್ಚಳವಿರಲಿ, ಬಾಯಿ ಕೆಳಮುಖವಾಗಿರಲಿ. ಲೇಹ್ ದಾರಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ಉಕ್ಕುವ ನಾಲೆಗಳನ್ನು ದಾಟುವಾಗ ನೀರು ಸೀಟಿನವರೆಗೂ ಎರಚುತ್ತದೆ.

ಬಿಸಿ ಗ್ರಿಪ್ಪು ಹಾಕಿಸುವವರಿಗೆ ಒಂದು ಪರೀಕ್ಷೆ ಕಡ್ಡಾಯ. ಹ್ಯಾಂಡಲ್ಲನ್ನು ಎಡದ ಕೊನೆಯಿಂದ ಬಲದ ಕೊನೆಗೆ ತಿರುಗಿಸಿ, ತಂತಿ ಎಲ್ಲೂ ಬಿಗಿಯಬಾರದು, ಎಲ್ಲೂ ಸಿಕ್ಕಬಾರದು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಪಟ್ಟನೆ ಹಿಂದಕ್ಕೆ ಬರಬೇಕು. ಬಲಗ್ರಿಪ್ಪಿನ ತಂತಿ ಅದನ್ನು ಕೂದಲೆಳೆಯಷ್ಟು ತಡೆದರೂ ಆ ಬೈಕು ರಸ್ತೆಗಿಳಿಯಬಾರದು. ಎಡಗ್ರಿಪ್ಪು ಕೊಂಚ ತಣ್ಣಗಿರುವುದು ದೋಷವಲ್ಲ. ಬಲಗಡೆ ಕೆಳಗೆ ಪ್ಲಾಸ್ಟಿಕ್ ಕೊಳವೆಯಿದೆ, ಎಡಗಡೆ ಹ್ಯಾಂಡಲ್ಲಿನ ಲೋಹವೇ ಕಾವನ್ನು ಹೀರುತ್ತದೆ.

ಉಡುಪನ್ನು ಬರಿಮೈಗೆ ಹಾಕಬಾರದು. ತೆಳುವಾದ ಒಳಂಗಿಯ ಮೇಲೆ ಮೈಗೊತ್ತುವಂತೆ ಅದು, ಅದರ ಮೇಲೆ ಗಾಳಿ ನುಗ್ಗದ ಹೊರ ಜಾಕೆಟ್ಟು. 1947ರಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಸಂಶೋಧಕರು ತೋರಿಸಿದಂತೆ 44 ಡಿಗ್ರಿಯಷ್ಟು ಸೌಮ್ಯ ಬಿಸಿಯೂ ಸುಮಾರು 6 ಗಂಟೆ ಒಂದೇ ಕಡೆ ತಾಗಿದರೆ ಚರ್ಮ ಸುಡಬಲ್ಲದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು ಬಿಸಿ ಸಾಕ್ಸಿನಿಂದ ದೂರವಿರುವುದು ಕ್ಷೇಮ.

ಇದೆಲ್ಲವನ್ನೂ ಲಡಾಖಿನಲ್ಲಿ ಮೊದಲ ಸಲ ಪರೀಕ್ಷಿಸಿದರೆ ತಡವಾಗುತ್ತದೆ. ಬೈಕನ್ನು ರೈಲಿಗೆ ಹಾಕುವ ಮೊದಲು ಊರಿನಲ್ಲೇ ಒಂದು ನಸುಕಿನಲ್ಲಿ ಎಲ್ಲ ತೊಟ್ಟು, ಎಲ್ಲ ಹಚ್ಚಿ, ಒಂದು ಗಂಟೆ ಓಡಿಸಿ. ನಿಲ್ಲಿಸಿದ ಕೂಡಲೇ ಗ್ಲೌಸು ಕಳಚಿ ಫ್ಯೂಸಿನ ಗೂಡು, ರಿಲೇಯ ಬುಡ, ಪ್ಲಗ್ಗು ಒಂದೊಂದಾಗಿ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಬೆರಳು ಹಿಂದೆ ತೆಗೆಯುವಷ್ಟು ಸುಡುತ್ತಿದ್ದರೆ ಅಲ್ಲಿ ಲಗ್ಗು ಸರಿಯಾಗಿ ಒತ್ತಿಲ್ಲ. ಅದನ್ನು ಕತ್ತರಿಸಿ ಹೊಸದು ಹಾಕಿಸಿ, ಮರುದಿನ ಮತ್ತೆ ಓಡಿಸಿ ಮುಟ್ಟಿ ನೋಡಿ. ಜೊತೆಗೆ ಅದೇ ಅಳತೆಯ ನಾಲ್ಕಾರು ಫ್ಯೂಸು, ಒಂದು ರಿಲೇ, ಒಂದು ಮೀಟರ್ ತಂತಿಯನ್ನು ಸೀಟಿನಡಿ ಸೇರಿಸಿಡಿ.