ನೆರವಿನ ಚಿತ್ರದಲ್ಲಿ ನೀರುಗಂಟಿಗೂ ಜಾಗವಿರಲಿ

ಆಫ್ರಿಕಾದ ಬರ ಎಂದೊಡನೆ ಹಲವರಿಗೆ ನೆನಪಾಗುವುದು 1993ರಲ್ಲಿ ಸುಡಾನ್‌ನಲ್ಲಿ ಕೆವಿನ್ ಕಾರ್ಟರ್ ತೆಗೆದ ಚಿತ್ರ: ಹಸಿವಿನಿಂದ ಕುಸಿದ ಮಗು, ಹಿಂದೆ ಕೂತ ರಣಹದ್ದು. ಮರುವರ್ಷ ಅದಕ್ಕೆ ಪುಲಿಟ್ಜರ್ ಬಂತು. ಚಿತ್ರ ಲೋಕದ ಕರುಳು ಹಿಂಡಿತು. ಆದರೆ ಆ ಮಗು ಯಾರದು, ಅದರ ಊರು ಯಾವುದು ಎಂಬುದು ಆಗ ನೋಡಿದವರಿಗೆ ತಿಳಿಯಲಿಲ್ಲ.

ಇಂಥ ಚಿತ್ರಗಳ ಚರಿತ್ರೆ ನಮ್ಮ ಪಕ್ಕದಲ್ಲೂ ಇದೆ. 1876–78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ತುಮಕೂರು ಸೀಮೆಯೂ ತತ್ತರಿಸಿತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಅದೇ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಸೇನಾಧಿಕಾರಿ ಡಬ್ಲ್ಯು. ಡಬ್ಲ್ಯು. ಹೂಪರ್, ಎಲುಬುಗೂಡಾಗಿದ್ದ ಜನರನ್ನು ಗುಂಪುಗುಂಪಾಗಿ ಕೂರಿಸಿ ಫೋಟೊ ತೆಗೆದ. ಅವರಿಗೂ ಹೆಸರಿಲ್ಲ.

ಬೇರೆ ದಾರಿ ತೋರಿದವರು ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009). ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನೂ ಯುನಿಸೆಫ್‌ಗಾಗಿ ಮಕ್ಕಳ ಬದುಕನ್ನೂ ಅವರು ಸೆರೆಹಿಡಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಆ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿನ ಮಕ್ಕಳು ಬಡವರೇ. ಆದರೂ ಆಡುತ್ತಾರೆ, ನಗುತ್ತಾರೆ, ದುಡಿಯುತ್ತಾರೆ. ನೋಡುವವರಿಗೆ ಮೊದಲು ಕಾಣುವುದು ಮಗು, ಆಮೇಲೆ ಬಡತನ.

ಆ ಕಣ್ಣು ಇಂದು ತುಮಕೂರಿಗೆ ಬೇಕು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಜಲಸಂವರ್ಧನೆ ಯೋಜನೆ ನಮ್ಮ ಜಿಲ್ಲೆಗೂ ಬಂತು. ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಊರವರೂ ತಮ್ಮ ವಂತಿಗೆ ಕೊಡಬೇಕಾಯಿತು. ಇಂಥ ಕೆಲಸಗಳ ಕಡತಕ್ಕೆ ಸೇರುವುದು ಹೆಚ್ಚಾಗಿ ಹೂಳು ತುಂಬಿದ ಕೆರೆ, ಹೂಳು ತೆಗೆದ ಕೆರೆ, ನಾಮಫಲಕ, ಹಾರ ಹಾಕಿಸಿಕೊಂಡ ಗಣ್ಯರು. ತೂಬು ಎತ್ತಿ ಸರದಿಯಂತೆ ನೀರು ಹಂಚುವ ನೀರುಗಂಟಿ ಎಲ್ಲಿ? ಮಳೆಗಾಲದ ರಾತ್ರಿ ಏರಿಯ ಮೇಲೆ ಸೋರಿಕೆ ಹುಡುಕುವವರು, ಸಂಘದ ಸಭೆಯಲ್ಲಿ ಲೆಕ್ಕ ಕೇಳುವ ಹೆಂಗಸರು ಎಲ್ಲಿ?

ತುಮಕೂರಿನ ಅಮಾನಿಕೆರೆ, ಜನಪದರು ಹಾಡಿ ಕೊಂಡಾಡಿದ ಕುಣಿಗಲ್ ಕೆರೆ, ಗುಬ್ಬಿ ಸೀಮೆಯ ಕಡಬ ಕೆರೆ: ಇವೆಲ್ಲ ಉಳಿದುಬಂದದ್ದು ಅಂಥವರ ದುಡಿಮೆಯಿಂದ. ಹೊರಗಿನ ಹಣ ಒಂದು ಅವಧಿಗೆ ಬಂದು ನಿಲ್ಲುತ್ತದೆ. ಅದು ಫಲ ಕೊಡುವುದೋ ಇಲ್ಲವೋ ಎಂಬುದು ನಂತರ ಕೆರೆ ಕಾಯುವವರ ಕೈಯಲ್ಲಿದೆ.

ಕ್ಯಾಮೆರಾ ಹಿಡಿದ ನಮ್ಮ ಯುವಕ ಯುವತಿಯರು ಅವರ ಒಪ್ಪಿಗೆ ಕೇಳಲಿ, ಒಂದು ಬೆಳೆಯ ಕಾಲವಾದರೂ ಅವರ ಜೊತೆಗಿರಲಿ, ಒಪ್ಪಿದವರ ಹೆಸರನ್ನು ಚಿತ್ರದಡಿ ಬರೆಯಲಿ, ಒಂದು ಪ್ರತಿಯನ್ನು ಮನೆಗೆ ತಲುಪಿಸಲಿ. ಆಫ್ರಿಕಾದ ಹಳ್ಳಿಯಾಗಲಿ, ಕುಣಿಗಲ್ಲಿನ ಹಳ್ಳಿಯಾಗಲಿ, ನೆರವು ಪಡೆದವರು ದುಡಿಯುವವರೂ ಹೌದು. ಅದನ್ನು ಕಾಣಿಸದ ಚಿತ್ರ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.