ಆಯುಷ್ಯದ ಅಳತೆ

ಮನುಷ್ಯನಿಗೆ ತನ್ನ ಆಯುಷ್ಯದ ಅವಧಿ ಮೊದಲೇ ತಿಳಿದರೆ ಲೇಸೋ, ತಿಳಿಯದಿರುವುದೇ ಲೇಸೋ? ಈ ಪ್ರಶ್ನೆಯನ್ನೇ ವಸ್ತುವಾಗಿ ಆರಿಸಿಕೊಂಡು ಅಮೆರಿಕದ ಲೇಖಕಿ ನಿಕ್ಕಿ ಎರ್ಲಿಕ್ ಅವರು ಬರೆದ ‘ದಿ ಮೆಷರ್’ ಎಂಬ ಕಾದಂಬರಿಯು ೨೦೨೨ರಲ್ಲಿ ಪ್ರಕಟವಾಯಿತು. ಒಂದು ದಿನ ಲೋಕದಲ್ಲಿ ೨೨ ವರ್ಷ ತುಂಬಿದ ಪ್ರತಿಯೊಬ್ಬರಿಗೂ ಒಂದೊಂದು ಪೆಟ್ಟಿಗೆ ಬರುತ್ತದೆ. ಅದರೊಳಗೊಂದು ದಾರ. ದಾರದ ಉದ್ದವೇ ಅವರ ಬಾಳಿನ ಉದ್ದ. ಪೆಟ್ಟಿಗೆಯನ್ನು ತೆರೆಯಬೇಕೆ, ಗಿಡ್ಡ ದಾರ ದೊರೆತವರನ್ನು ಉಳಿದವರು ಹೇಗೆ ಕಾಣುವರು ಎಂಬುದೇ ಅಲ್ಲಿಯ ಕಥೆ.

ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ಕ್ರಿ. ಶ. ೯೪೧ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ದಲ್ಲಿ ಇದು ಮೂರು ಬಾರಿ ಎದುರಾಗುತ್ತದೆ. ನಾವಿಂದು ನೆಲೆಸಿರುವ ಠಾಣೆಯ ಸೀಮೆಯನ್ನು ಆಗ ಆಳುತ್ತಿದ್ದ ಶಿಲಾಹಾರರೂ ಪಂಪನ ಆಶ್ರಯದಾತನಾದ ಅರಿಕೇಸರಿಯೂ ರಾಷ್ಟ್ರಕೂಟರ ಸಾಮಂತರೇ ಆಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಆದಿತೀರ್ಥಂಕರನಾದ ವೃಷಭನಾಥನ ಜೀವವು ಹಲವು ಜನ್ಮಗಳನ್ನು ದಾಟಿ ಬಂದ ಬಗೆಯನ್ನು ಈ ಕಾವ್ಯವು ನಿರೂಪಿಸುತ್ತದೆ. ಒಂದು ಜನ್ಮದಲ್ಲಿ ಆ ಜೀವವು ಅಳಕಾಪುರದ ಅರಸನಾದ ಮಹಾಬಲ. ಅವನಿಗೆ ಉಳಿದಿರುವುದು ಒಂದೇ ತಿಂಗಳೆಂಬ ಸಂಗತಿಯನ್ನು ಮುನಿಗಳಿಂದ ಅರಿತ ಮಂತ್ರಿ ಸ್ವಯಂಬುದ್ಧನು ಅದನ್ನು ಅರಸನಿಗೆ ತಿಳಿಸುತ್ತಾನೆ. ಹಿತೈಷಿಯ ಮಾತನ್ನು ನಂಬಿದ ಮಹಾಬಲನು ಮಗನಿಗೆ ರಾಜ್ಯವನ್ನೊಪ್ಪಿಸಿ, ಎಂಟು ದಿನ ಜಿನಪೂಜೆಯಲ್ಲಿಯೂ ೨೨ ದಿನ ಸಲ್ಲೇಖನ ವ್ರತದಲ್ಲಿಯೂ ಕಳೆದು ಶಾಂತನಾಗಿ ದೇಹವನ್ನು ಬಿಡುತ್ತಾನೆ.

ಅದೇ ಜೀವವು ಮುಂದೆ ಸ್ವರ್ಗದಲ್ಲಿ ಲಲಿತಾಂಗನೆಂಬ ದೇವನಾಗಿ ಹುಟ್ಟುತ್ತದೆ. ಆಯುಷ್ಯವು ಆರು ತಿಂಗಳು ಉಳಿದಿರುವಾಗ ಅವನ ಕೊರಳ ಮಾಲೆ ಬಾಡುತ್ತದೆ; ಮೈಯ ಕಾಂತಿ ಕುಂದುತ್ತದೆ. ಅರಸನಾಗಿದ್ದಾಗ ಒಂದು ತಿಂಗಳಿಗೆ ಎದೆಗುಂದದ ಜೀವವು ದೇವನಾಗಿ ಆರು ತಿಂಗಳಿಗೆ ತಲ್ಲಣಿಸುತ್ತದೆ! ಭೋಗವು ಹೆಚ್ಚಿದಷ್ಟೂ ಅಗಲಿಕೆ ಕಠಿನವಾಗುತ್ತದೆ. ಕೊನೆಗೆ ಜೊತೆಯ ದೇವತೆಗಳು ಬಂದು ಸಂತೈಸಿದ ಬಳಿಕವೇ ಅವನು ಚೇತರಿಸಿಕೊಂಡು ಉಳಿದ ಕಾಲವನ್ನು ಪೂಜೆಯಲ್ಲಿ ಕಳೆಯುತ್ತಾನೆ.

ಕಡೆಯ ಜನ್ಮದಲ್ಲಿ ಅದೇ ಜೀವ ವೃಷಭನಾಥ. ಅವನ ಸಭೆಯಲ್ಲಿ ಇಂದ್ರನು ಕಳುಹಿಸಿದ ನೀಲಾಂಜನೆ ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗದಂತೆ ಇಂದ್ರನು ಒಡನೆಯೇ ಅವಳಂತಹ ಮತ್ತೊಬ್ಬಳನ್ನು ನಿರ್ಮಿಸುತ್ತಾನೆ. ಸಭೆಗೆ ಅದು ತಿಳಿಯುವುದಿಲ್ಲ. ವೃಷಭನಿಗೆ ಮಾತ್ರ ತಿಳಿಯುತ್ತದೆ. ಈ ಬಾರಿ ಅವನಿಗೆ ಯಾರೂ ಅವಧಿಯನ್ನು ಹೇಳಲಿಲ್ಲ. ತನ್ನ ಮಾಲೆಯೂ ಬಾಡಲಿಲ್ಲ. ಪರರ ಬಾಳು ಮುಗಿದುದನ್ನು ಕಂಡೇ ತನ್ನ ಬಾಳಿನ ಸ್ವರೂಪವನ್ನು ಅವನು ಅರಿತನು. ರಾಜ್ಯವನ್ನು ತೊರೆದು ತಪಸ್ಸಿಗೆ ತೆರಳಿದನು.

ಈ ಮೂರು ಪ್ರಸಂಗಗಳನ್ನು ಜೊತೆಗಿರಿಸಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ದಿನಗಳ ಲೆಕ್ಕ ತಿಳಿದ ಮಾತ್ರಕ್ಕೆ ವಿವೇಕ ಹುಟ್ಟದು. ಅದು ತಿಳಿಯದಿದ್ದರೂ ವಿವೇಕ ಹುಟ್ಟಬಲ್ಲುದು. ಅಳುಕಿದವನಿಗೆ ಆಪ್ತರ ಮಾತು ಬೇಕು. ದಾರದ ಪೆಟ್ಟಿಗೆ ನಮ್ಮ ಮನೆಗೆ ಬರಲಾರದು. ಆದರೆ ಸ್ವಯಂಬುದ್ಧನಂತಹ ಸ್ನೇಹಿತನನ್ನು ಗಳಿಸುವುದೂ, ಇನ್ನೊಬ್ಬರ ಪಾಲಿಗೆ ಅಂತಹ ಸ್ನೇಹಿತರಾಗುವುದೂ ನಮ್ಮಿಂದ ಸಾಧ್ಯ. ಹಳಗನ್ನಡವು ಕಠಿನವೆಂದು ಅಂಜದೆ, ಗುರುಗಳ ನೆರವಿನಿಂದ ವಿದ್ಯಾರ್ಥಿಗಳು ಈ ಪ್ರಸಂಗಗಳನ್ನು ಮೂಲದಲ್ಲಿಯೇ ಓದಬೇಕು.